ಒಬ್ಬರು ಕೇಳಿದರೂ ಸಾಕು

ಮಕ್ಕಳೇ, ಹೋದ ವರ್ಷ ನಮ್ಮ ಶಾಲೆಯ ಕಂಪ್ಯೂಟರ್ ಲ್ಯಾಬ್‌ನಲ್ಲಿ ಒಂದು ವಿಚಿತ್ರ ನಡೆಯಿತು. ಮಾನವ ಹೃದಯದ ಬಗ್ಗೆ ಒಂದು ವಿಡಿಯೋವನ್ನು 20 ಕಂಪ್ಯೂಟರ್‌ಗಳಿಗೆ ಒಟ್ಟಿಗೆ ಕಳಿಸಿದೆವು. ಚೆನ್ನಾಗಿಯೇ ಓಡಿತು. ನಾಲ್ಕು ನಿಮಿಷ ದಾಟಿತು ಅನ್ನುವಷ್ಟರಲ್ಲಿ ಎಲ್ಲ ಪರದೆಗಳೂ ನಿಂತುಹೋದವು. ಮತ್ತೆ ಶುರು ಮಾಡಿದರೆ ಮತ್ತೆ ಅಷ್ಟೇ ಹೊತ್ತಿಗೆ ನಿಂತವು. ಕೇಬಲ್ ಬದಲಾಯಿಸಿದೆ, ಎಲ್ಲವನ್ನೂ ಆಫ್ ಮಾಡಿ ಆನ್ ಮಾಡಿದೆ. ಏನೂ ಪ್ರಯೋಜನ ಆಗಲಿಲ್ಲ. ಕೊನೆಗೆ ಹೊಸೂರು ಸಿಪ್‌ಕಾಟ್‌ನಲ್ಲಿ ನೆಟ್‌ವರ್ಕ್ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದು ನೋಡಿದ. "ಸರ್, ಸ್ವಿಚ್ ಸರಿಯಾಗೇ ಇದೆ. ಇಲ್ಲಿ ಕೇಳೋರೇ ಯಾರೂ ಇಲ್ಲ" ಅಂದ.

ಅವನ ಮಾತಿನ ಅರ್ಥವನ್ನು ಮೊದಲು ಹೇಳುತ್ತೇನೆ. ಆಮೇಲೆ ನಿಮಗೆ ಹೇಳಬೇಕಾದ ನನ್ನ ಮಾತು ಇದೆ.

ಒಂದು ವಿಡಿಯೋಗೆ ಸೆಕೆಂಡಿಗೆ 3 ಮೆಗಾಬಿಟ್ ಬೇಕು ಅಂತ ಇಟ್ಟುಕೊಳ್ಳಿ. 20 ಕಂಪ್ಯೂಟರ್‌ಗಳಿಗೆ ಬೇರೆಬೇರೆಯಾಗಿ ಕಳಿಸಿದರೆ 60 ಮೆಗಾಬಿಟ್ ಆಯಿತು. ಇದನ್ನು ಉಳಿಸುವ ದಾರಿಗೆ ಮಲ್ಟಿಕಾಸ್ಟ್ ಎಂದು ಹೆಸರು. ಮುಖ್ಯೋಪಾಧ್ಯಾಯರು ಒಂದು ಸುತ್ತೋಲೆ ಬರೆದು, ಪ್ರತಿ ಕಟ್ಟಡಕ್ಕೆ ಒಂದೇ ಪ್ರತಿ ಕಳಿಸಿ, ಅಲ್ಲಿಯೇ ತರಗತಿಗೊಂದು ನಕಲು ಮಾಡಿಕೊಳ್ಳಿ ಅಂದ ಹಾಗೆ. ಹೊರಡುವುದು ಒಂದೇ ಪ್ರತಿ. ದಾರಿ ಕವಲೊಡೆಯುವ ಕಡೆ ಮಾತ್ರ ನಕಲಾಗುತ್ತದೆ. ಅಂತರಜಾಲಕ್ಕೆ ಇದರ ನಿಯಮಗಳನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಟೀವ್ ಡೀರಿಂಗ್ 1989ರಲ್ಲಿ ಬರೆದುಕೊಟ್ಟರು. 224ರಿಂದ 239ರವರೆಗಿನ ಸಂಖ್ಯೆಯಲ್ಲಿ ಶುರುವಾಗುವ ಐಪಿ ವಿಳಾಸಗಳು ಇದಕ್ಕಾಗಿಯೇ ಮೀಸಲು. ಅವು ಒಂದು ಯಂತ್ರದ ವಿಳಾಸಗಳಲ್ಲ, ಗುಂಪಿನ ವಿಳಾಸಗಳು.

ಗುಂಪಿನಲ್ಲಿ ಯಾರಿದ್ದಾರೆ ಅಂತ ಸ್ವಿಚ್‌ಗೆ ಹೇಗೆ ಗೊತ್ತಾಗಬೇಕು? ಕಂಪ್ಯೂಟರ್ ತಾನೇ "ನನಗೂ ಬೇಕು" ಎಂದು ಒಂದು ಸಣ್ಣ ಸಂದೇಶ ಕಳಿಸುತ್ತದೆ. ಇದನ್ನು ನಡೆಸುವ ನಿಯಮಕ್ಕೆ ಐಜಿಎಂಪಿ ಎನ್ನುತ್ತಾರೆ. ಆಮೇಲೆ ಸಾಮಾನ್ಯವಾಗಿ 125 ಸೆಕೆಂಡಿಗೊಮ್ಮೆ ರೂಟರ್ "ಇನ್ನೂ ಯಾರಿಗೆ ಬೇಕು?" ಎಂದು ವಿಚಾರಿಸುತ್ತದೆ. 260 ಸೆಕೆಂಡ್ ಉತ್ತರ ಬರದಿದ್ದರೆ ಅಲ್ಲಿ ಯಾರೂ ಇಲ್ಲ ಎಂದುಕೊಂಡು ಆ ಕವಲನ್ನು ಮುಚ್ಚಲಾಗುತ್ತದೆ. ನಮ್ಮ ಲ್ಯಾಬ್‌ನಲ್ಲಿ ಹಾಗೆ ವಿಚಾರಿಸುವ ರೂಟರ್ ಇರಲಿಲ್ಲ. ಕೇಳುವವರಿಲ್ಲದ ಕಾರಣ ಕಂಪ್ಯೂಟರ್‌ಗಳೂ ಉತ್ತರ ಕೊಡಲಿಲ್ಲ. 260 ಸೆಕೆಂಡ್ ಅಂದರೆ 4 ನಿಮಿಷ 20 ಸೆಕೆಂಡ್. ಲೆಕ್ಕ ಸರಿಹೋಯಿತು! ವಿಚಾರಿಸುವ ಕೆಲಸವನ್ನು ಸ್ವಿಚ್‌ಗೇ ಒಪ್ಪಿಸಿದ ಮೇಲೆ ವಿಡಿಯೋ ಕೊನೆಯವರೆಗೂ ಓಡಿತು.

ಪಕ್ಕದ ಕಟ್ಟಡದ ಹತ್ತನೇ ತರಗತಿಗೂ ಇದೇ ವಿಡಿಯೋ ಬೇಕಾಗಿತ್ತು. ಅಲ್ಲಿನ ನೆಟ್‌ವರ್ಕ್ ಬೇರೆ, ಸ್ವಿಚ್ ಬೇರೆ. ರೂಟರ್ ಕೆಲಸವನ್ನೂ ಮಾಡಬಲ್ಲ ಎರಡು ಹಳೆಯ ಸ್ವಿಚ್‌ಗಳನ್ನು ಅವನೇ ತಂದುಕೊಟ್ಟ. ಎರಡರಲ್ಲೂ ಪಿಐಎಂ ಎಂಬ ನಿಯಮ ಚಾಲೂ ಮಾಡಿದ. ಆಗ ಅವು 30 ಸೆಕೆಂಡಿಗೊಮ್ಮೆ ಪರಸ್ಪರ "ಹಲೋ" ಹೇಳಿಕೊಳ್ಳುವ ನೆರೆಯವರಾದವು. ಹತ್ತನೇ ತರಗತಿಯ ಕಂಪ್ಯೂಟರ್ "ಬೇಕು" ಎಂದರೆ ಅಲ್ಲಿನ ಸ್ವಿಚ್ ನಮ್ಮ ಸ್ವಿಚ್ಚನ್ನು ಕೇಳುತ್ತದೆ. ಇದು ಒಂದು ಪ್ರತಿ ಕಳಿಸುತ್ತದೆ. ಆದರೂ ಮೊದಲು ವಿಡಿಯೋ ಹೋಗಲಿಲ್ಲ. ಪ್ರತಿ ಪ್ಯಾಕೆಟ್ ಎಷ್ಟು ರೂಟರ್ ದಾಟಬಹುದು ಎಂಬುದಕ್ಕೆ ಟಿಟಿಎಲ್ ಎಂಬ ಮಿತಿ ಇರುತ್ತದೆ. ಮಲ್ಟಿಕಾಸ್ಟ್‌ಗೆ ಅದು ಸಾಮಾನ್ಯವಾಗಿ 1 ಇರುವುದರಿಂದ ಮೊದಲ ರೂಟರ್‌ನಲ್ಲೇ ಪ್ಯಾಕೆಟ್ ಸಾಯುತ್ತದೆ. ಅದನ್ನು ಹೆಚ್ಚಿಸಿದ ಮೇಲೆ ಆ ಕಟ್ಟಡದಲ್ಲೂ ಹೃದಯ ಬಡಿಯಿತು.

ಇಲ್ಲಿ ನನಗೆ ಹಿಡಿಸಿದ ಸಂಗತಿ ಒಂದಿದೆ. ಸ್ವಿಚ್ ತಲೆ ಎಣಿಸುವುದಿಲ್ಲ. ಆ ಕಟ್ಟಡದಲ್ಲಿ 40 ಕಂಪ್ಯೂಟರ್ ಕೇಳಿದರೂ ಒಂದೇ ಕೇಳಿದರೂ ಕವಲು ತೆರೆದಿರುತ್ತದೆ. ಆದರೆ ಒಂದಾದರೂ ಕೇಳಲೇಬೇಕು.

ಈಗ ನನ್ನ ಮಾತು. ಆ ವಿಡಿಯೋದ ಧ್ವನಿ ಇಂಗ್ಲಿಷ್‌ನಲ್ಲಿತ್ತು. ಎರಡು ವರ್ಷ ಅದನ್ನೇ ತೋರಿಸಿದ್ದೆ. "ಅರ್ಥ ಆಯ್ತಾ?" ಅಂದರೆ ಎಲ್ಲರೂ "ಆಯ್ತು ಸರ್" ಅನ್ನುತ್ತಿದ್ದರು. ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, ಇದು ಕನ್ನಡದಲ್ಲಿ ಇಲ್ವಾ?" ಎಂದು ಕೇಳಿದಳು. ಅವತ್ತು ರಾತ್ರಿಯೇ ಫೋನಿನಲ್ಲಿ ಕನ್ನಡ ಧ್ವನಿ ಮುದ್ರಿಸಿಕೊಂಡೆ. ಎರಡು ವರ್ಷ ನಾನು ಸರಿಯಾಗಿ ವಿಚಾರಿಸಿರಲಿಲ್ಲ, ನೀವೂ ಕೇಳಿರಲಿಲ್ಲ.

"ಕನ್ನಡ ಓದುವ ಮಕ್ಕಳು ಕಡಿಮೆ, ಅವರಿಗೆ ಬೇರೆಯಾಗಿ ಮಾಡಿದರೆ ಖರ್ಚು" ಎಂಬ ಮಾತನ್ನು ನಮ್ಮ ಕಡೆ ಆಗಾಗ ಕೇಳುತ್ತೇವೆ. ನಾನು ಇದನ್ನು ಒಪ್ಪುವುದಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಸೈಟ್ ಉಪಗ್ರಹ ಟಿವಿ ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಕಾರ್ಯಕ್ರಮ ಹೋಯಿತು. ಕರ್ನಾಟಕದ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳೂ ಅದರಲ್ಲಿದ್ದವು. ಕರ್ನಾಟಕಕ್ಕೂ ಆಂಧ್ರಕ್ಕೂ ಚಿತ್ರ ಒಂದೇ, ಜೊತೆಗೆ ಕನ್ನಡ, ತೆಲುಗು ಎರಡು ಧ್ವನಿ. ಆಗಲೇ ಆಗಿದ್ದು ಈಗ ಯಾಕೆ ಆಗಬಾರದು? ಮಲ್ಟಿಕಾಸ್ಟ್‌ನಲ್ಲಿ ಚಿತ್ರವನ್ನು ಒಂದು ಗುಂಪಿಗೆ, ಕನ್ನಡ, ತಮಿಳು, ತೆಲುಗು ಧ್ವನಿಗಳನ್ನು ಒಂದೊಂದು ಗುಂಪಿಗೆ ಕಳಿಸಬಹುದು. ಬೇಕಾದ ಧ್ವನಿಯ ಗುಂಪಿಗೆ ಸೇರಿಕೊಂಡರಾಯಿತು. ಸೆಕೆಂಡಿಗೆ 64 ಕಿಲೋಬಿಟ್‌ನ ಧ್ವನಿ ನಮ್ಮ ಚಿತ್ರದ ಸುಮಾರು 47ನೇ ಒಂದು ಭಾಗದಷ್ಟು ಮಾತ್ರ. ಹೊಸೂರು, ಡೆಂಕಣಿಕೋಟೆ, ತಳಿಯಂಥ ಮೂರು ಭಾಷೆಯ ಊರುಗಳಿಗೆ ಇದಕ್ಕಿಂತ ಒಪ್ಪುವ ವ್ಯವಸ್ಥೆ ಯಾವುದಿದೆ?

ಧ್ವನಿ ತಯಾರಿಸುವ ಶ್ರಮ ಇದ್ದೇ ಇದೆ. ಅದು ನಮ್ಮಂಥ ಶಿಕ್ಷಕರ ಕೆಲಸ. ತಮಿಳು ಚೆನ್ನಾಗಿ ಕಲಿಯಿರಿ, ಇಂಗ್ಲಿಷೂ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೃದಯದ ಕವಾಟ ಹೇಗೆ ಮುಚ್ಚುತ್ತದೆ ಎಂಬುದು ಮೊದಲು ನಿಮಗೆ ತಿಳಿಯುವ ಭಾಷೆಯಲ್ಲಿ ತಿಳಿಯಲಿ.

ಹಾಗಾಗಿ ನಾಳೆ ಲ್ಯಾಬ್‌ನಲ್ಲಿ ಪಾಠ ಅರ್ಥವಾಗದಿದ್ದರೆ ಸುಮ್ಮನೆ "ಆಯ್ತು ಸರ್" ಅನ್ನಬೇಡಿ. ಬೇರೆ ಯಾರಾದರೂ ಕೇಳುತ್ತಾರೆ ಅಂತಲೂ ಕಾಯಬೇಡಿ. ಎದ್ದು ನಿಂತು, "ಇದು ಕನ್ನಡದಲ್ಲಿ ಇಲ್ವಾ?" ಎಂದು ಕೇಳಿ. ನಿಮ್ಮನ್ನು ವಿಚಾರಿಸುವುದನ್ನು ನಾವು ಮರೆಯದೆ ಇರುತ್ತೇವೆ.