ಗೂಡಿನ ಬಾಗಿಲು ಹಾಕುವವರು ಯಾರು?

ಬೆಳಗಿನ ಜಾವ ಅಜ್ಜಿ ಹಿತ್ತಿಲಿಗೆ ಹೋದಾಗ ಕೋಳಿಗೂಡಿನ ಬಾಗಿಲು ತೆರೆದೇ ಇತ್ತು. ಒಳಗೆ ಐದು ಹೇಟೆಗಳು ಸತ್ತು ಬಿದ್ದಿದ್ದವು. ಅವುಗಳಲ್ಲಿ ಒಂದನ್ನೂ ತಿಂದಿರಲಿಲ್ಲ. ಹುಂಜದ ಸುಳಿವಿಲ್ಲ. ಗೂಡಿನಿಂದ ಬೇಲಿಯವರೆಗೆ ಪುಕ್ಕ ಚೆಲ್ಲಿತ್ತು.

“ರಾತ್ರಿ ಬಾಗಿಲು ಯಾರಪ್ಪಾ ಹಾಕಿದ್ದು?”

“ಅವಳು ಹಾಕಿರ್ತಾಳೆ ಅಂದ್ಕೊಂಡೆ ಕಣವ್ವಾ” ಎಂದ ಮಗ. “ದಿನಾ ಹಾಕೋನು ಅವನೇ ಅಲ್ವಾ ಅತ್ತೆ?” ಎಂದಳು ಸೊಸೆ. ದಿನಾ ಹಾಕುವ ಏಳನೇ ತರಗತಿಯ ಮೊಮ್ಮಗ ಬಾಯಿ ಬಿಡಲಿಲ್ಲ. ಮಾರನೆಯ ದಿನ ಗಣಿತದ ಕಿರುಪರೀಕ್ಷೆ ಇತ್ತು. ಓದುತ್ತಾ ಕುಳಿತವನು ಹಾಗೇ ಮಲಗಿಬಿಟ್ಟಿದ್ದ. ಕೊನೆಗೆ ಎಲ್ಲರೂ ಸೇರಿ ಮುಂಗುಸಿಗೆ ಶಾಪ ಹಾಕಿದರು.

ನಾಟಿಕೋಳಿ ಸಾಕುವ ಮನೆಗಳಿಗೆ ಇಂಥ ಬೆಳಗು ಹೊಸದೇನಲ್ಲ. ಆದರೆ ಮುಂಗುಸಿಯ ಮೇಲಿನ ಆರೋಪ ಮಾತ್ರ ಇಲ್ಲಿ ನಿಲ್ಲುವುದು ಕಷ್ಟ. ಮುಂಗುಸಿ ಹಗಲು ಓಡಾಡುವ ಪ್ರಾಣಿ, ಕತ್ತಲಾದ ಮೇಲೆ ಬಿಲ ಸೇರುತ್ತದೆ. ಮಧ್ಯಾಹ್ನ ಪಿಳ್ಳೆ ಕದಿಯುವ ಕಳ್ಳ ಅದು, ನಿಜ. ರಾತ್ರಿ ಬರುವವರು ಬೇರೆ: ಬೀದಿನಾಯಿ, ಕಾಡುಬೆಕ್ಕು, ಪುನುಗಿನ ಬೆಕ್ಕು.

ಹಾಗಾದರೆ ತಿನ್ನದೆ ಐದನ್ನು ಕೊಂದದ್ದು ಏಕೆ? ಬೇಟೆಯ ಪ್ರಾಣಿ ಬಯಲಿನಲ್ಲಿ ಒಂದು ಹಕ್ಕಿಯನ್ನು ಹಿಡಿದರೆ ಉಳಿದವು ಹಾರಿಹೋಗುತ್ತವೆ. ಅಲ್ಲಿಗೆ ಬೇಟೆ ಮುಗಿಯಿತು. ಗೂಡಿನೊಳಗೆ ಹಾರಿಹೋಗಲು ದಾರಿಯಿಲ್ಲ. ಕಣ್ಣೆದುರು ರೆಕ್ಕೆ ಬಡಿಯುತ್ತಿರುವ ಹಕ್ಕಿ ಇರುವಷ್ಟು ಹೊತ್ತೂ ಆ ಪ್ರಾಣಿಯ ಕೊಲ್ಲುವ ಪ್ರವೃತ್ತಿ ಕೆರಳುತ್ತಲೇ ಇರುತ್ತದೆ. ಹೊಟ್ಟೆಯ ಹಸಿವಿಗೂ ಅದಕ್ಕೂ ಸಂಬಂಧ ಕಡಿಮೆ. ಇದನ್ನು ಕ್ರೌರ್ಯವೆನ್ನುವುದು ಮನುಷ್ಯರ ಮಾತು. ಇಲ್ಲಿ ತಪ್ಪಿದ್ದು ಪ್ರಾಣಿಯಲ್ಲ, ಚಿಲಕ.

ಕೋಳಿಯ ಮೂಲವನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಕೆಂಪು ಕಾಡುಕೋಳಿಯೇ ಇದರ ಮೂಲಪುರುಷ. ಪಶ್ಚಿಮಘಟ್ಟದ ಕಾಡುಗಳಲ್ಲಿರುವ ಬೂದು ಕಾಡುಕೋಳಿಯ ಪಾಲೂ ಸ್ವಲ್ಪ ಸೇರಿದೆ. ಅನೇಕ ಸಾಕುಕೋಳಿಗಳ ಹಳದಿ ಚರ್ಮಕ್ಕೆ ಕಾರಣವಾದ ಜೀನ್ ಅದರಿಂದಲೇ ಬಂದದ್ದೆಂದು 2008ರಲ್ಲಿ ತಿಳಿಯಿತು. ಖಚಿತವಾಗಿ ಸಾಕುಕೋಳಿಯದೇ ಎನ್ನಬಹುದಾದ ಅತ್ಯಂತ ಹಳೆಯ ಮೂಳೆಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್‌ನವು, ಸುಮಾರು ಕ್ರಿ.ಪೂ. 1650ರಿಂದ 1250ರ ನಡುವಿನವು ಎಂದು 2022ರಲ್ಲಿ ಪ್ರಕಟವಾದ ಸಂಶೋಧನೆ ಹೇಳಿತು. ಭತ್ತ, ಸಿರಿಧಾನ್ಯಗಳ ಕಾಳಿನ ಆಸೆಗೆ ಕಾಡಂಚಿನ ಹಕ್ಕಿ ಮನುಷ್ಯರ ಬಳಿಗೆ ಬಂದಿರಬೇಕೆಂಬುದು ಆ ಸಂಶೋಧಕರ ಊಹೆ.

ಆ ಕಾಡುಕೋಳಿ ಇಂದಿಗೂ ರಾತ್ರಿ ಮಲಗುವುದು ಮರದ ಮೇಲೆ. ಕಾರಣ ಅದರ ಕಣ್ಣಿನಲ್ಲಿದೆ. ಅಕ್ಷಿಪಟದಲ್ಲಿ ಬಣ್ಣ ಗ್ರಹಿಸುವ ಶಂಕುಕೋಶಗಳು ಹೇರಳ. ಮಂದ ಬೆಳಕಿನಲ್ಲಿ ಕೆಲಸಕ್ಕೆ ಬರುವ ದಂಡಕೋಶಗಳು ಕಡಿಮೆ. ಹಗಲಿನಲ್ಲಿ ಮನುಷ್ಯರಿಗೆ ಕಾಣದ ನೇರಳಾತೀತ ಕಿರಣವನ್ನೂ ಕಾಣಬಲ್ಲ ಕೋಳಿ, ಕತ್ತಲಾದರೆ ಹೆಚ್ಚುಕಡಿಮೆ ಕುರುಡು. ರಾತ್ರಿ ಕೋಳಿ ಹಿಡಿಯುವುದು ಎಷ್ಟು ಸುಲಭವೆಂದು ಹಳ್ಳಿಯ ಮಕ್ಕಳಿಗೆಲ್ಲ ಗೊತ್ತು. ಬೆಕ್ಕಿಗೂ ಗೊತ್ತು.

ಮಲೆನಾಡಿನ ಹಿತ್ತಿಲುಗಳಲ್ಲಿ ಹಲಸಿನ ಮರ ಹತ್ತಿ ಮಲಗುವ ನಾಟಿಕೋಳಿಗಳನ್ನು ಈಗಲೂ ಕಾಣಬಹುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಅಭಿವೃದ್ಧಿಪಡಿಸಿದ ಗಿರಿರಾಜದಂಥ ಭಾರವಾದ ಮೈಯ ಕೋಳಿಗೆ ಅದೂ ಕಷ್ಟ. ಗೂಡು ಕಟ್ಟಿ ಒಂದು ವಾರ ಅದರೊಳಗೇ ಇಟ್ಟರೆ ಕೋಳಿ ಅದನ್ನು ತನ್ನ ಮನೆಯೆಂದು ತಿಳಿಯುತ್ತದೆ. ಆಮೇಲೆ ಊರೆಲ್ಲ ಮೇಯ್ದರೂ ಮುಸ್ಸಂಜೆಗೆ ತಾನೇ ಬಂದು ಒಳಗೆ ಕೂರುತ್ತದೆ. ಮರ ಹತ್ತುವ ಯೋಚನೆ ಬಿಡುತ್ತದೆ. ಆದ್ದರಿಂದಲೇ ಬಾಗಿಲು ಹಾಕದ ಗೂಡು ಗೂಡಿಲ್ಲದ್ದಕ್ಕಿಂತ ಅಪಾಯ. ಗೂಡಿಲ್ಲದಿದ್ದರೆ ಮರವಾದರೂ ಇರುತ್ತಿತ್ತು.

ಗೂಡಿಗೆ ದೊಡ್ಡ ಖರ್ಚೇನೂ ಬೇಡ. ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಕಂಬದ ಮೇಲೆ ನಿಂತಿರಬೇಕು. ಷಟ್ಕೋನದ ತೆಳು ಕೋಳಿಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನಾಯಿಯನ್ನು ಹೊರಗಿಡುವುದಿಲ್ಲ; ಬೆಸುಗೆ ಹಾಕಿದ ಅರ್ಧ ಅಂಗುಲ ಕಣ್ಣಿನ ಜಾಲರಿ ಆಗಬೇಕು. ಮಲಗಲು ಅಡ್ಡಗೋಲು, ಕೋಳಿಗೆ ಎಂಟು ಅಂಗುಲದಷ್ಟು ಜಾಗ. ಮೊಟ್ಟೆಯಿಡುವ ಬುಟ್ಟಿ ಆ ಕೋಲಿಗಿಂತ ಕೆಳಗಿರಲಿ, ಇಲ್ಲವಾದರೆ ಎತ್ತರದ ಜಾಗ ಹುಡುಕುವ ಕೋಳಿಗಳು ಬುಟ್ಟಿಯಲ್ಲೇ ಮಲಗಿ ಹೊಲಸು ಮಾಡುತ್ತವೆ. ಸೂರಿನಡಿ ಗಾಳಿಗೆ ಸಂದು ಬಿಡಬೇಕು. ಚಳಿಯೆಂದು ಎಲ್ಲ ಕಿಂಡಿ ಮುಚ್ಚುವವರಿದ್ದಾರೆ. ಹಿಕ್ಕೆ ಕೊಳೆತು ಹುಟ್ಟುವ ಅಮೋನಿಯ ಕೋಳಿಯ ಕಣ್ಣು, ಶ್ವಾಸಕೋಶಗಳನ್ನು ಚಳಿಗಿಂತ ಹೆಚ್ಚು ಕೆಡಿಸುತ್ತದೆ. ಇನ್ನು ಚಿಲಕ, ಮೂತಿಯಿಂದ ತಳ್ಳಿದರೆ ತೆರೆದುಕೊಳ್ಳದಂಥದ್ದು.

ಹಗಲಿನ ಕಾವಲನ್ನು ಕೋಳಿಗಳೇ ಬಹುಮಟ್ಟಿಗೆ ಮಾಡಿಕೊಳ್ಳುತ್ತವೆ. ಹದ್ದು ಕಂಡಾಗ ಹುಂಜ ಕೂಗುವ ಕೂಗೇ ಬೇರೆ, ನಾಯಿ ಕಂಡಾಗಿನದೇ ಬೇರೆ. ಮೊದಲನೆಯದನ್ನು ಕೇಳಿದ ಹೇಟೆಗಳು ಪೊದೆಯಡಿ ನುಗ್ಗುತ್ತವೆ ಅಥವಾ ನೆಲಕ್ಕೆ ಅವಚಿ ಕೂರುತ್ತವೆ. ಹಿತ್ತಿಲನ್ನು ಪೂರಾ ಗುಡಿಸಿ ಬೋಳು ಮಾಡದೆ ಎರಡು ಪೊದೆ ಉಳಿಸಿದರೆ ಸಾಕು. ಪಿಳ್ಳೆಗಳಿಗೆ ಮಾತ್ರ ಕಾಗೆಯ ಭಯ. ಅವಕ್ಕೆ ಮೊದಲ ಕೆಲವು ವಾರ ಬಿದಿರಿನ ಮಂಕರಿಯೇ ಗತಿ.

ಬಿಟ್ಟು ಸಾಕಿದ ಕೋಳಿಗೆ ಸರಹದ್ದು ತಿಳಿಯದು. ಪಕ್ಕದವರ ಬದನೆ ಮಡಿ ಕೆದರುತ್ತದೆ, ಒಣಹಾಕಿದ ರಾಗಿ ಹೆಕ್ಕುತ್ತದೆ. “ಕೋಳಿ ತಾನೇ, ಅದಕ್ಕೇನು ಗೊತ್ತು” ಎಂದು ಯಜಮಾನರು ನಕ್ಕುಬಿಟ್ಟರೆ, ಮಾರನೆಯ ದಿನ ಕಲ್ಲೇಟು ತಿನ್ನುವುದು ಕೋಳಿ. ಸಾಕುವವರ ಹೊಣೆ ಕಾನೂನಿನಲ್ಲೂ ಇದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 3ನೇ ಕಲಮು, ಯಾವ ಪ್ರಾಣಿ ಯಾರ ವಶದಲ್ಲಿದೆಯೋ ಅವರೇ ಅದರ ಕ್ಷೇಮಕ್ಕೆ ಸೂಕ್ತ ಏರ್ಪಾಡು ಮಾಡಬೇಕು ಎನ್ನುತ್ತದೆ. ದನಕರು, ನಾಯಿಗಳಿಗೆ ಮಾತ್ರ ಎಂದು ಅದರಲ್ಲಿಲ್ಲ.

ಹಳ್ಳಿಗರು ಕೊಕ್ಕರೆ ರೋಗ ಎನ್ನುವ ರಾಣಿಖೇತ್ ರೋಗದ ವಿಷಯದಲ್ಲಂತೂ ಒಬ್ಬರ ಉದಾಸೀನ ಊರಿಗೇ ಕೇಡು. ಒಂದು ಮನೆಯ ಕೋಳಿಗೆ ತಗುಲಿದರೆ ಇಡೀ ಕೇರಿ ಖಾಲಿಯಾಗುತ್ತದೆ. ಮರಿಗೆ ಒಂದು ವಾರವಾಗುವ ಹೊತ್ತಿಗೆ ಕಣ್ಣಿಗೋ ಮೂಗಿಗೋ ಹಾಕಿಸುವ ಲಸಿಕೆಯ ಹನಿ, ಮುಂದೆ ಪಶುವೈದ್ಯರು ಹೇಳಿದಾಗ ಮತ್ತೊಮ್ಮೆ, ಇಷ್ಟು ತಪ್ಪಬಾರದು. ಸತ್ತ ಕೋಳಿಯನ್ನು ಹಳ್ಳಕ್ಕೆ ಎಸೆಯದೆ ಆಳವಾಗಿ ಹೂಳಬೇಕು.

ಆ ಮನೆಯಲ್ಲಿ ಮುಂದೇನಾಯಿತು? ಅಪ್ಪ ಹುಡುಗನಿಗೆ ಹೊಡೆಯಲಿಲ್ಲ. ಅಜ್ಜಿ ಸಂತೆಯಿಂದ ಮತ್ತೆ ನಾಲ್ಕು ಹೇಟೆ ತಂದಳು. ಗೂಡಿನ ಬಾಗಿಲ ಪಕ್ಕದಲ್ಲಿ ಒಂದು ಹಳೆಯ ಸ್ಲೇಟು ತೂಗುಬಿತ್ತು. ಸಂಜೆ ಕೋಳಿ ಎಣಿಸಿ ಚಿಲಕ ಹಾಕಿದವರು ಅದರಲ್ಲಿ ಸಂಖ್ಯೆ ಬರೆಯಬೇಕು. ಹುಡುಗನ ಪರೀಕ್ಷೆಯ ದಿನಗಳಲ್ಲಿ ಆ ಕೆಲಸ ಅಪ್ಪನದು ಎಂದು ಮೊದಲೇ ಮಾತಾಯಿತು. ಸಂಖ್ಯೆ ಇಲ್ಲದಿದ್ದರೆ ಅಜ್ಜಿ ಊಟಕ್ಕೆ ತಟ್ಟೆ ಹಾಕುವುದಿಲ್ಲ!

ಎರಡು ತಿಂಗಳ ಮೇಲೆ ಒಂದು ಸಂಜೆ ನಾಲ್ಕರ ಬದಲು ಮೂರೇ ಬಂದವು. ಹುಡುಗ ಬ್ಯಾಟರಿ ಹಿಡಿದು ಹುಡುಕಿದ. ಹುಲ್ಲಿನ ಬಣವೆಯ ಸಂದಿನಲ್ಲಿ ಹೇಟೆ ಒಂಬತ್ತು ಮೊಟ್ಟೆಗಳ ಮೇಲೆ ಕಾವಿಗೆ ಕುಳಿತಿತ್ತು. ಹಗಲು ಮುಟ್ಟಿದ್ದರೆ ಕುಕ್ಕಿ ರಂಪ ಮಾಡುತ್ತಿತ್ತು. ಕತ್ತಲಲ್ಲಿ ಕಣ್ಣು ಕಾಣದೆ ಸುಮ್ಮನಿತ್ತು. ಅಜ್ಜಿ ಮೊಟ್ಟೆಗಳನ್ನು ಮಡಿಲಿಗೆ ಹಾಕಿಕೊಂಡಳು, ಹುಡುಗ ಹೇಟೆಯನ್ನು ಎತ್ತಿಕೊಂಡ. ಗೂಡಿನ ಬುಟ್ಟಿಯಲ್ಲಿ ಎರಡನ್ನೂ ಕೂಡಿಸಿ ಚಿಲಕ ಹಾಕಿ, ಸ್ಲೇಟಿನಲ್ಲಿ ನಾಲ್ಕು ಎಂದು ಬರೆದು, ಅದರ ಕೆಳಗೆ ಇಪ್ಪತ್ತೊಂದು ದಿನಗಳ ಲೆಕ್ಕವನ್ನು ಶುರುಮಾಡಿದ.