ನೆಲ ಡೊಂಕಿರಲಿಲ್ಲ ಸ್ವಾಮಿ

ಹಳೇ ವಿಡಿಯೋ ಗೇಮ್ ಒಂದನ್ನು ಬೈದು ನೋಡಿ. ರೆಟ್ರೋ ಭಕ್ತರು ಎಲ್ಲಿದ್ದರೂ ಓಡಿ ಬರ್ತಾರೆ. "ಆಗಿನ ಹಾರ್ಡ್‌ವೇರ್ ಗೊತ್ತೇನ್ರೀ ನಿಮಗೆ? ಬರೀ 128 ಬೈಟ್ ರ್‍ಯಾಮ್!" ಗೊತ್ತು ಸ್ವಾಮಿ. ಗೊತ್ತಿರೋದಕ್ಕೇ ಬೈತಿರೋದು.

ಅಟಾರಿ 2600 ಕನ್ಸೋಲಿಗೆ 1978ರಲ್ಲಿ ಬಂದ 'ಸ್ಪೇಸ್ ವಾರ್' ಅನ್ನೇ ತಗೊಳ್ಳಿ. ಇಬ್ಬರು ಆಟಗಾರರು, ಎರಡು ನೌಕೆ, ಕಪ್ಪು ಆಕಾಶ. ಜಾಯ್‌ಸ್ಟಿಕ್ಕನ್ನು ಪಕ್ಕಕ್ಕೆ ತಳ್ಳಿದರೆ ನೌಕೆ ತಿರುಗುತ್ತೆ, ಮೇಲಕ್ಕೆ ತಳ್ಳಿದರೆ ಜಾರುತ್ತೆ, ಬಟನ್ ಒತ್ತಿದರೆ ಗುಂಡು. ನೀವು ಈ ಕಡೆ ಜಾರ್ತೀರಿ, ಗೆಳೆಯ ಆ ಕಡೆ ಜಾರ್ತಾನೆ. ಗುಂಡು ತಪ್ಪುತ್ತೆ. ಮತ್ತೆ ಜಾರಾಟ. ಬಚ್ಚಿಟ್ಟುಕೊಳ್ಳೋಕೆ ಒಂದು ಗೋಡೆಯಿಲ್ಲ, ಹೆದರೋಕೆ ಒಂದು ಕಾರಣವಿಲ್ಲ. ಮೂರನೇ ನಿಮಿಷಕ್ಕೆ ಪಕ್ಕದವನು ಫೋನ್ ತೆಗೀತಾನೆ.

ಇದರ ಮೂಲ ಸಾಮಾನ್ಯದ್ದಲ್ಲ. 1962ರಲ್ಲಿ ಎಂಐಟಿಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿಡಿಪಿ-1 ಕಂಪ್ಯೂಟರಿನಲ್ಲಿ ಮಾಡಿದ 'ಸ್ಪೇಸ್‌ವಾರ್!' ಅದು. ಅಲ್ಲಿ ಪರದೆಯ ನಡುವೆ ಒಂದು ನಕ್ಷತ್ರ, ಅದರ ಗುರುತ್ವ ಇಬ್ಬರನ್ನೂ ಎಳೀತಿರುತ್ತೆ. ಸುಮ್ಮನೆ ಕೂತರೆ ಸತ್ತಿರಿ. ಇಡೀ ಆಟದ ಜೀವ ಆ ನಕ್ಷತ್ರದಲ್ಲಿತ್ತು. ಅಟಾರಿಯವರು ಅದನ್ನು ಕೆಲವೇ ಆವೃತ್ತಿಗಳಲ್ಲಿ ಇಟ್ಟು, ಉಳಿದ ಕಡೆ ಕಿತ್ತುಹಾಕಿದರು. ಉಪ್ಪು ಬೇಕಾದರೆ ಹಾಕ್ಕೊಳ್ಳಿ ಅಂತ ಸಾರು ಬಡಿಸಿದ ಹಾಗೆ.

ಈಗ ಹಾರ್ಡ್‌ವೇರ್ ವಿಷಯಕ್ಕೆ ಬನ್ನಿ. 2600ರ ಚಿತ್ರ ಮೂಡಿಸುವ ಚಿಪ್ಪಿಗೆ ಬರ್ತಿದ್ದದ್ದೇ ಇಬ್ಬರು ಆಟಗಾರರ ಎರಡು ಆಕೃತಿ, ಅವರ ಎರಡು ಗುಂಡು, ಒಂದು ಚೆಂಡು, ಮತ್ತು ಹಿನ್ನೆಲೆಗೆ ಗೋಡೆಗಳು. ಅಂದರೆ ಆ ಯಂತ್ರ ಹುಟ್ಟಿದ್ದೇ ಇಬ್ಬರು ಎದುರುಬದುರಾಗಿ ಗುಂಡು ಹಾರಿಸೋಕೆ! ಅದಕ್ಕೆ ಹಿಂದಿನ ವರ್ಷ, 1977ರಲ್ಲಿ, ಅದೇ ಕನ್ಸೋಲಿನಲ್ಲಿ, ಅದೇ 2 ಕಿಲೋಬೈಟ್ ಕಾರ್ಟ್ರಿಜ್‌ನಲ್ಲಿ 'ಕಾಂಬ್ಯಾಟ್' ಬಂದಿತ್ತು. ಎರಡು ಟ್ಯಾಂಕ್, ನಾಲ್ಕು ಗೋಡೆ, ಕೆಲವು ಆಟಗಳಲ್ಲಿ ಗೋಡೆಗೆ ಬಡಿದು ಪುಟಿಯೋ ಗುಂಡು. ಅಷ್ಟೇ. ಇವತ್ತಿಗೂ ಇಬ್ಬರನ್ನು ಕೂರಿಸಿದರೆ ಕಿರುಚಾಡ್ತಾರೆ. ಕುಣಿಯಲಾರದವರು ನೆಲ ಡೊಂಕು ಅಂದರಂತೆ. ಇಲ್ಲಿ ನೆಲ ಸಪಾಟಾಗೇ ಇತ್ತು.

ಕಡಿಮೆ ಬಿದ್ದಿದ್ದು ಮೆಮೊರಿಯಲ್ಲ, ಆಡಿ ನೋಡಿ "ಇದು ಸಪ್ಪೆ" ಅನ್ನೋ ಧೈರ್ಯ. ಅದರ ಬದಲು ಸಿಕ್ಕಿದ್ದು ಸಂಖ್ಯೆ: ಒಂದೇ ಕಾರ್ಟ್ರಿಜ್‌ನಲ್ಲಿ 17 ಆಟ! ಒಂದು ಆಟ ರುಚಿಸದಿದ್ದರೆ ಅದನ್ನೇ ಹದಿನೇಳು ಸಲ ತಿರುಗಿಸಿ ಬಡಿಸೋದು. ನಮ್ಮ ಸ್ಪ್ರಿಂಟ್ ಡೆಮೊಗಳಲ್ಲಿ ನಾವು ಮಾಡೋದೂ ಇದನ್ನೇ ಅಲ್ವಾ? ಫೀಚರ್ ಪಟ್ಟಿ ಉದ್ದ, ಬಳಸೋರ ಮುಖ ನೋಡಿದವರು ಯಾರೂ ಇಲ್ಲ. ಕೇಳಿದರೆ ಉತ್ತರ ರೆಡಿ: "ಟೈಮ್ ಇರಲಿಲ್ಲ, ಬಜೆಟ್ ಇರಲಿಲ್ಲ."

ಒಬ್ಬರೇ ಆಡೋ ಆಟ ಕೆಟ್ಟರೆ ಒಬ್ಬರ ಹೊತ್ತು ಹಾಳು. ಇಬ್ಬರು ಆಡೋ ಆಟ ಕೆಟ್ಟರೆ ಗೆಳೆಯನ ಜೊತೆಗಿನ ಒಂದು ಸಂಜೆಯೇ ಹಾಳು. ವಾರವಿಡೀ ಟ್ರಾಫಿಕ್ಕಿನಲ್ಲಿ ಕೊಳೆತು, ಭಾನುವಾರ ಹೇಗೋ ಬಿಡುವು ಮಾಡಿಕೊಂಡು ಒಂದೇ ಸೋಫಾ ಮೇಲೆ ಕೂರೋ ನಮಗೆ ಅದರ ಬೆಲೆ ಗೊತ್ತು. ಆ ಸಂಜೆಗೆ ಹಳೇದು ಅನ್ನೋ ಒಂದೇ ಕಾರಣಕ್ಕೆ ಕಳಪೆಯನ್ನು ತಂದಿಡಬೇಡಿ. 'ಕಾಂಬ್ಯಾಟ್' ಕೂಡ ಹಳೇದೇ.