ತಿಮ್ಮಪ್ಪ ಬಿನ್ ರಾಮಪ್ಪ ಯಾರು?

ಒಬ್ಬ ಮನುಷ್ಯನು ತಾನು ಹುಟ್ಟುವುದಕ್ಕೆ ಎರಡು ವರ್ಷ ಮೊದಲೇ ಸರ್ಕಾರಕ್ಕೆ ಕಂದಾಯ ಕಟ್ಟಿದನೆಂದರೆ ವಾಚಕರು ನಗಬಹುದು. ಆದರೆ ಕಳೆದ ಮಳೆಗಾಲದಲ್ಲಿ ಹೊಸನಗರ ತಾಲ್ಲೂಕಿನ ಕಾಡಂಚಿನ ಹಳ್ಳಿಯವನಾದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅಂಥ ಕಾಗದಗಳ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದಾಗ ನನಗೆ ನಗು ಬರಲಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ ಅವನ ಮನೆಯವರು ಹಾಕಿದ್ದ ಅರ್ಜಿ ತಿರಸ್ಕೃತವಾಗಿತ್ತು. ಕಾರಣ, ಒಂದು ಹೆಸರು.

ನಿಜವಾದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ತಿಮ್ಮಪ್ಪ ಬಿನ್ ರಾಮಪ್ಪ ಎಂದಿಟ್ಟುಕೊಳ್ಳೋಣ. 1928ರ ಕಂದಾಯದ ರಸೀದಿಯಲ್ಲಿ ಆ ಹೆಸರಿದೆ. 1968ರ ಇನ್ನೊಂದು ಕಾಗದದಲ್ಲಿಯೂ ಅದೇ ಹೆಸರು. ಪರಿಶೀಲಿಸಿದ ಗುಮಾಸ್ತರು ಇವರಿಬ್ಬರೂ ಒಬ್ಬನೇ ಎಂದು ತಿಳಿದು ಶಾಲೆಯ ದಾಖಲೆ ತರಿಸಿ ನೋಡಿದರು. ಅದರಂತೆ ತಿಮ್ಮಪ್ಪ ಹುಟ್ಟಿದ್ದು 1930ರಲ್ಲಿ. ಹುಟ್ಟದವನು ಕಂದಾಯ ಕಟ್ಟಲಾರನಷ್ಟೆ. ಆದುದರಿಂದ ಮೊದಲಿನ ರಸೀದಿ ಬೇರಾವುದೋ ಮನೆತನದ್ದು, ಅರ್ಜಿದಾರರಿಗೆ ಅದರಿಂದ ಹಕ್ಕು ಹುಟ್ಟುವುದಿಲ್ಲ. ತರ್ಕವೆಲ್ಲ ಸರಿಯಾಗಿಯೇ ಇದೆ, ಮೊದಲ ಹೆಜ್ಜೆಯೊಂದನ್ನುಳಿದು. 1928ರವನು ಅಜ್ಜ, 1968ರವನು ಮೊಮ್ಮಗ.

ಅಜ್ಜನ ಹೆಸರನ್ನು ಮೊಮ್ಮಗನಿಗಿಡುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ರಾಮಪ್ಪನ ಮಗ ತಿಮ್ಮಪ್ಪ; ತಿಮ್ಮಪ್ಪನು ತನ್ನ ಮಗನಿಗೆ ಅಜ್ಜನ ಹೆಸರಿಟ್ಟು ರಾಮಪ್ಪನೆಂದು ಕರೆದ; ಆ ರಾಮಪ್ಪನ ಮಗ ಮತ್ತೆ ತಿಮ್ಮಪ್ಪನಾದ. ಇವರಲ್ಲಿ ಒಂದು ತಲೆಮಾರು ಬಿಟ್ಟು ಒಂದು ತಲೆಮಾರು ತಿಮ್ಮಪ್ಪ ಬಿನ್ ರಾಮಪ್ಪನೇ! ಮಗನೆಂಬ ಅರ್ಥದ ಅರಬ್ಬೀ ಮಾತು ‘ಬಿನ್’ ನಮ್ಮ ಕಂದಾಯದ ಭಾಷೆಗೆ ಬಂದು ಸೇರಿದುದು ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸಲೆಂದು. ಮಲೆನಾಡಿನ ಮನೆಗಳಲ್ಲಿ ಅದು ಅಜ್ಜ ಮೊಮ್ಮಕ್ಕಳನ್ನು ಒಂದುಗೂಡಿಸುವ ಕೆಲಸ ಮಾಡುತ್ತಿದೆ. ಮನೆಯೊಳಗೆ ಮಾತ್ರ ಈ ತೊಡಕಿರಲಿಲ್ಲ. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಹೇಳುವಂತಿರಲಿಲ್ಲವಾದ್ದರಿಂದ ಮಗು ಪುಟ್ಟನೋ ಅಪ್ಪಿಯೋ ಆಗಿ ಬೆಳೆಯುತ್ತಿತ್ತು. ಆ ಹೆಸರು ಕಚೇರಿಯ ಪುಸ್ತಕವನ್ನು ಹತ್ತಲಿಲ್ಲ.

ಇದೇಕೆ ಇಂದು ಇಷ್ಟು ದೊಡ್ಡ ಮಾತಾಗಿದೆಯೆಂದರೆ, ಕಾಯಿದೆ ಕೇಳುವ ಅವಧಿಯೇ ಅಂಥದು. ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದೆ ಮೂರು ತಲೆಮಾರು, ಎಂದರೆ 75 ವರ್ಷ, ಅಲ್ಲಿ ನೆಲೆಸಿದ್ದುದನ್ನು ತೋರಿಸಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗಿ ನಿಲ್ಲುತ್ತದೆ. ಅಜ್ಜನ ಹೆಸರು ಮೊಮ್ಮಗನಲ್ಲಿ ಮರಳಿ ಹುಟ್ಟುವುದಕ್ಕೆ ಬೇಕಾದ ಕಾಲವೂ ಸರಿಸುಮಾರು ಅಷ್ಟೇ. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಗದ್ದೆ ತೋಟ ಮಾಡಿಕೊಂಡವರ ಎಷ್ಟೋ ಕಾಗದಗಳಲ್ಲಿ ಈ ಗಂಟು ಅಡಗಿದೆ.

ನಾವು ಕನ್ನಡ ಮೇಷ್ಟರುಗಳಿಗೆ ಈ ಗಂಟು ಹೊಸದಲ್ಲ. ‘ಛಂದೋಂಬುಧಿ’ಯ ನಾಗವರ್ಮನೂ ‘ಕಾವ್ಯಾವಲೋಕನ’ದ ನಾಗವರ್ಮನೂ ಒಬ್ಬನೋ ಇಬ್ಬರೋ ಎಂದು ವಿದ್ವಾಂಸರು ವಾದಿಸಿದ್ದನ್ನು ಪ್ರತಿ ವರ್ಷವೂ ತರಗತಿಯಲ್ಲಿ ಹೇಳುತ್ತೇವೆ. ಅಲ್ಲಿ ತಪ್ಪಿದರೆ ಪರೀಕ್ಷೆಯಲ್ಲಿ ಎರಡು ಅಂಕ ಹೋದಾವು, ಅಷ್ಟೆ.

ಈ ಮೂರು ತಾಲ್ಲೂಕುಗಳ ಇತಿಹಾಸವೇ ಒಂದೇ ಹೆಸರಿನವರ ಇತಿಹಾಸವೆಂದರೂ ಸಲ್ಲುತ್ತದೆ. ಕೆಳದಿ ಇಕ್ಕೇರಿಗಳು ಸಾಗರಕ್ಕೆ, ಬಿದನೂರು ಹೊಸನಗರಕ್ಕೆ, ಕವಲೇದುರ್ಗ ತೀರ್ಥಹಳ್ಳಿಗೆ ಸೇರಿವೆ. ಅಲ್ಲಿ ಆಳಿದ ನಾಯಕರಲ್ಲಿ ವೆಂಕಟಪ್ಪರು ಇಬ್ಬರು, ಸೋಮಶೇಖರರು ಮೂವರು. ದೊಡ್ಡ ಸಂಕಣ್ಣ, ಚಿಕ್ಕ ಸಂಕಣ್ಣ ಎಂದು ಜನರೇ ಬೇರೆ ಮಾಡಿಕೊಂಡ ಕಡೆ ನಮಗೆ ಅನುಕೂಲ. ಎಲ್ಲ ಕಡೆಯೂ ಹಾಗಿಲ್ಲ. ಮೊದಲನೆಯ ಸೋಮಶೇಖರನಾಯಕ, ಎಂದರೆ ಚೆನ್ನಮ್ಮಾಜಿಯ ಗಂಡ, ಸುಮಾರು 1664ರಿಂದ 1671ರವರೆಗೆ ಆಳಿದ. ಎರಡನೆಯವನು ಆಳಿದ್ದು 1714ರಿಂದ 1739ರವರೆಗೆ. ನಮ್ಮ ಸಂವತ್ಸರಗಳೋ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರತಕ್ಕವು. ಮೊದಲನೆಯವನ ಕಾಲದ ಒಂದೊಂದು ಸಂವತ್ಸರವೂ ಎರಡನೆಯವನ ಕಾಲದಲ್ಲಿ ತಪ್ಪದೆ ಮತ್ತೆ ಬಂದಿದೆ. ಶಕವರ್ಷವಿಲ್ಲದೆ ‘ಪ್ಲವಂಗ ಸಂವತ್ಸರ, ಸೋಮಶೇಖರನಾಯಕರು’ ಎಂದಷ್ಟೇ ಇರುವ ಕಾಗದ 1667ರದೂ ಆಗಬಹುದು, 1727ರದೂ ಆಗಬಹುದು. ಆಗ ಸಾಕ್ಷಿ ಹಾಕಿದವರು ಯಾರು, ಬರೆದ ಸೇನಬೋವ ಯಾರು, ಭೂಮಿಯ ಚಕ್ಕುಬಂದಿಯಲ್ಲಿ ಯಾರ ತೋಟ ಬಂದಿದೆ ಎಂದು ನೋಡಬೇಕಾಗುತ್ತದೆ. ದೊರೆಯನ್ನು ಗುರುತಿಸಲು ಬೇಲಿಯಾಚೆಯ ಒಕ್ಕಲಿಗನ ನೆರವು ಬೇಕು! ಇನ್ನು ಇಕ್ಕೇರಿಯ ವರಾಹವನ್ನು ತಿರುವಿ ನೋಡಿದರೆ ನಾಗರಿಯಲ್ಲಿ ‘ಶ್ರೀ ಸದಾಶಿವ’ ಎಂದಿದೆ. ದೇವರೋ, ಆ ಹೆಸರಿನ ನಾಯಕನೋ? ಯಾವ ನಾಯಕನು ಟಂಕಿಸಿದ್ದೆಂಬುದನ್ನಂತೂ ಆ ಬರಹ ಹೇಳದು.

ಹೆಸರಿನ ಹಿಂದೆ ಮನುಷ್ಯರು ಸುಮ್ಮನೆ ಕಲೆತುಹೋಗುವುದು ಒಂದು ಬಗೆ. ಬೇಕೆಂದೇ ಕಲೆಸುವುದು ಇನ್ನೊಂದು. 1763ರಲ್ಲಿ ಹೈದರಾಲಿ ಬಿದನೂರಿನ ಮೇಲೆ ಏರಿಬಂದಾಗ, ಸತ್ತನೆಂದು ಜನ ನಂಬಿದ್ದ ಚೆನ್ನಬಸಪ್ಪನಾಯಕ ತಾನೇ ಎಂದು ಹೇಳಿಕೊಂಡವನೊಬ್ಬನು ಅವನ ಕಡೆಯಲ್ಲಿದ್ದ. 1830ರ ನಗರದ ರೈತರ ದಂಗೆಯಲ್ಲಿ ಕಾಣಿಸಿಕೊಂಡ ‘ಬೂದಿ ಬಸವಪ್ಪ’ನ ಕಥೆ ಇನ್ನೂ ಸ್ವಾರಸ್ಯದ್ದು. ವೀರಮ್ಮಾಜಿಯ ಗಂಡ ಬೂದಿ ಬಸಪ್ಪನಾಯಕ ತೀರಿಕೊಂಡದ್ದು 1754ರಲ್ಲಿ. ಹೊಸ ಬೂದಿ ಬಸವಪ್ಪ ಆ ವಂಶದ ವಾರಸುದಾರನೆಂದು ಬಂದ. ಅಂದಿನ ವರದಿಗಳಂತೆ ಅವನ ನಿಜನಾಮ ಸಾದರ ಮಲ್ಲ. ನಗರದ ಅರಸು ಮನೆತನಕ್ಕೆ ಬೇಕಾಗಿದ್ದ ಜಂಗಮನೊಬ್ಬನಿಂದ ಅರಸರ ಮುದ್ರೆಯುಂಗುರಗಳು ಅವನ ಕೈಸೇರಿದ್ದುವು. ಅದಕ್ಕೂ ಮೇಲಾಗಿ, ಹೊಸ ಹೆಸರಿನಲ್ಲಿ ಕಂಪನಿಯ ಅಧಿಕಾರಿಗಳಿಂದ ರಹದಾರಿಯನ್ನೂ ಪಡೆದುಕೊಂಡಿದ್ದ. ಕಂದಾಯದ ಉಪಟಳಕ್ಕೆ ಬೇಸತ್ತು ಕೂಟ ಕಟ್ಟಿದ್ದ ರೈತರಿಗೆ ಒಬ್ಬ ಅರಸು ಬೇಕಾಗಿದ್ದ, ಸಿಕ್ಕಿದ. ಆ ದಂಗೆಯ ನೆಪದಿಂದ 1831ರಲ್ಲಿ ಮೈಸೂರಿನ ಆಡಳಿತವೇ ಮುಮ್ಮಡಿ ಕೃಷ್ಣರಾಜ ಒಡೆಯರ ಕೈತಪ್ಪಿ ಇಂಗ್ಲಿಷರಿಗೆ ಹೋಯಿತು. ಮುದ್ರೆಯುಂಗುರ, ರಹದಾರಿಗಳೆರಡೂ ನಿಜವಾದವೇ, ಮನುಷ್ಯ ಬೇರೆ.

ಸಾದರ ಮಲ್ಲನ ಕೈಯಲ್ಲಿ ಕಾಗದವಿತ್ತು, ಮನೆತನವಿರಲಿಲ್ಲ. ನನ್ನ ವಿದ್ಯಾರ್ಥಿಗೆ ಮನೆತನವಿದೆ, ಕಾಗದವೂ ಇದೆ. ಎರಡನ್ನೂ ಹೆಣೆಯುವ ದಾರವಿಲ್ಲ. ಈ ದಾರಕ್ಕೆ ಕುತ್ತು ಬರುತ್ತಿದೆಯೆಂಬುದು ನನ್ನ ಅಳಲು. 2024ರಿಂದ ಭೂಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ಗೆದ್ದಲು ತಿನ್ನುವುದಕ್ಕಿಂತ ಅದು ಸಾವಿರ ಪಾಲು ಮೇಲು. ನಾನು ಅದನ್ನು ಹಳಿಯುವವನಲ್ಲ. ಆದರೆ ಕಡತವನ್ನು ಕಡತವಾಗಿ ಓದುವುದು ಬೇರೆ, ಹೆಸರು ಹಾಕಿ ಕಂಪ್ಯೂಟರಿನಿಂದ ಹಾಳೆಯೊಂದನ್ನು ಎಳೆದುಕೊಳ್ಳುವುದು ಬೇರೆ. ಹೀಗೆ ಬಂದ ಹಾಳೆಗೆ ಹಿಂದಿನ ಹಾಳೆಯ ನೆನಪಿರುವುದಿಲ್ಲ. ಅಂಚಿನಲ್ಲಿ ಶಾನುಭೋಗರು ಸಣ್ಣಕ್ಷರದಲ್ಲಿ ‘ಮೇಲಿನಮನೆ’ ಎಂದೋ ‘ಕೆರೆಯ ಕೆಳಗಿನವನು’ ಎಂದೋ ಗೀಚಿದ್ದನ್ನು ಹುಡುಕುವ ಯಂತ್ರ ಕಾಣದು. ಹೆಂಡತಿಯ ಹೆಸರಿರುವ, ‘ಕೋಂ’ ಎಂದು ಬರೆದ ಪತ್ರಗಳನ್ನು ಯಾರೂ ಕೇಳುವುದೇ ಇಲ್ಲ. ಅಜ್ಜ ಮೊಮ್ಮಕ್ಕಳ ಹೆಸರು ಒಂದಾದರೂ ಅವರ ಹೆಂಡಿರ ಹೆಸರು ಒಂದಾಗುವುದು ಅಪರೂಪ ಎಂಬ ಸರಳ ಸಂಗತಿ ಎಷ್ಟು ಗಂಟುಗಳನ್ನು ಬಿಡಿಸೀತು!

ನೆಲವೇ ಇಲ್ಲದಾದವರ ಪಾಡು ಇನ್ನೂ ಕಷ್ಟದ್ದು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಸಾಗರ ಹೊಸನಗರಗಳ ಊರೂರುಗಳೇ ಶರಾವತಿಯ ನೀರಿನಡಿ ಸೇರಿದವು. ಜನರನ್ನು ಕಾಡಿನ ಬೇರೆ ಬೇರೆ ಮೂಲೆಗಳಲ್ಲಿ ಇಳಿಸಲಾಯಿತು. ‘ಹೊಳೆಬಾಗಿಲ ತಿಮ್ಮಪ್ಪ’ ಎಂದರೆ ಯಾರೆಂದು ಹಳೆಯ ಊರಿನಲ್ಲಿ ಹುಡುಗರಿಗೂ ಗೊತ್ತಿತ್ತು. ಹೊಸ ಊರಿನಲ್ಲಿ ಹೊಳೆಯೂ ಇಲ್ಲ, ಬಾಗಿಲೂ ಇಲ್ಲ. ಉಳಿದದ್ದು ಬರಿಯ ತಿಮ್ಮಪ್ಪ. ಅವರಿಗೆ ಕೊಟ್ಟ ಭೂಮಿಯನ್ನು ಅರಣ್ಯದಿಂದ ಬಿಡಿಸಿದ್ದ ಸರ್ಕಾರದ ಆದೇಶಗಳನ್ನು ಉಚ್ಚ ನ್ಯಾಯಾಲಯವು 2021ರಲ್ಲಿ ರದ್ದುಮಾಡಿದ ಮೇಲಂತೂ ಆ ಮಕ್ಕಳು ಮೊಮ್ಮಕ್ಕಳು ಮತ್ತೆ ಹಳೆಯ ಪೆಟ್ಟಿಗೆಗಳನ್ನು ತೆರೆದು ಕುಳಿತಿದ್ದಾರೆ.

ಕಾಯಿದೆಯ ನಿಯಮಗಳನ್ನು ಬರೆದವರು ಈ ತೊಡಕನ್ನು ಕಾಣದವರಲ್ಲ. ಹಿಂದಿನ ದಾಖಲೆಯಲ್ಲಿ ಹೆಸರಿರುವ ವ್ಯಕ್ತಿಯವರೆಗೆ ಹೋಗುವ ವಂಶಾವಳಿಯನ್ನೂ, ಅರ್ಜಿದಾರರಲ್ಲದ ಹಿರಿಯರು ಹೇಳಿ ಬರೆಸಿದ ಹೇಳಿಕೆಯನ್ನೂ ಸಾಕ್ಷ್ಯವೆಂದು ಅವು ಒಪ್ಪುತ್ತವೆ. ನಿಯಮವಿದೆ; ಕೇಳಿ ಬರೆದುಕೊಳ್ಳುವ ವ್ಯವಧಾನ ಕಚೇರಿಗಳಲ್ಲಿಲ್ಲ. ಹೇಳಬಲ್ಲ ಹಿರಿಯರು ತೊಂಬತ್ತರ ಮೇಲಿನವರು. ಅವರು ನಮಗಾಗಿ ಕಾಯುತ್ತ ಕೂಡಲಾರರು.

ಭಾನುವಾರವೊಂದು ನಾನೂ ನನ್ನ ವಿದ್ಯಾರ್ಥಿಯೂ ಅವನ ಊರಿಗೆ ಹೋದೆವು. ನೆರೆಮನೆಯ ಅಜ್ಜಿಯೊಬ್ಬರು ಜಗುಲಿಯಲ್ಲಿ ಅಡಕೆ ಸುಲಿಯುತ್ತಿದ್ದರು. ತಿಮ್ಮಪ್ಪ ಬಿನ್ ರಾಮಪ್ಪ ಎಂದಾಗ ಅವರು ತಲೆಯೆತ್ತಲಿಲ್ಲ. ಮನೆಯ ಹೆಸರು ಹೇಳಿದ ಮೇಲೆ ಮೆಟ್ಟುಗತ್ತಿ ಬದಿಗೆ ಸರಿಸಿ ಕೇಳಿದರು: “ಯಾವ ತಿಮ್ಮಪ್ಪ ಮಾರಾಯ? ಬಾವಿ ತೋಡಿಸಿದವನೋ, ಬಾವಿಗೆ ಬಿದ್ದವನೋ?” ಬಾವಿ ತೋಡಿಸಿದವನು ಅಜ್ಜನಂತೆ, ಚಿಕ್ಕಂದಿನಲ್ಲಿ ಅದರೊಳಗೆ ಬಿದ್ದು ಬದುಕಿದವನು ಮೊಮ್ಮಗ. ಅಜ್ಜನ ಹೆಂಡತಿಯ ಹೆಸರನ್ನೂ, ಆಕೆಯ ತವರನ್ನೂ, ಗದ್ದೆಯ ಮೂಡಣಕ್ಕೆ ಯಾರಿದ್ದರೆಂಬುದನ್ನೂ ಅವರು ಹೇಳುತ್ತ ಹೋದರು. ಮೂಡಣದವರ ಹೆಸರು 1928ರ ರಸೀದಿಯ ಹಿಂಬದಿಯಲ್ಲಿತ್ತು. ನಾನು ಬರೆದುಕೊಂಡೆ. ಅಜ್ಜಿಯ ಹೆಬ್ಬೆಟ್ಟಿನ ಗುರುತು ಹಾಕಿಸಿ ಮೇಲ್ಮನವಿಯೊಡನೆ ಅದನ್ನು ಸೇರಿಸಿದ್ದೇವೆ, ಉತ್ತರವಿನ್ನೂ ಬಂದಿಲ್ಲ.